ಅಡುಗೆಮನೆಯ ಡಿಜಿಟಲ್ ತಕ್ಕಡಿ: ಪಾವು, ಕಪ್‌ಗಳನ್ನು ಗ್ರಾಂಗೆ ಇಳಿಸಲು ಎಷ್ಟು ನಂಬಬಹುದು?

ಪಾತ್ರೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಐನೂರು ರೂಪಾಯಿ ಆಸುಪಾಸಿನಲ್ಲಿ ಸಿಗುವ ಚಪ್ಪಟೆ ಅಡುಗೆ ತಕ್ಕಡಿಗಳ ಮೇಲಿನ ಹೆಸರು ಬೇರೆಬೇರೆ, ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ. 5 ಅಥವಾ 10 ಕೆ.ಜಿ. ಮಿತಿ, 1 ಗ್ರಾಂ ಲೆಕ್ಕದಲ್ಲಿ ಏರಿಳಿಯುವ ಅಂಕಿ, ಎರಡು ಮೂರು ಗುಂಡಿ, ಎರಡು ಸಣ್ಣ ಸೆಲ್. ಹಾಗಾಗಿ ಇದು ಒಂದು ಬ್ರಾಂಡಿನ ವಿಮರ್ಶೆಗಿಂತ ಈ ಜಾತಿಯ ತಕ್ಕಡಿಯ ವಿಮರ್ಶೆ ಅಂದುಕೊಳ್ಳಿ. ಜೊತೆಗೆ ಉಚಿತ ಅಂತ ಕೊಡುವ ಪ್ಲಾಸ್ಟಿಕ್ ಕಪ್ ಮತ್ತು ಚಮಚದ ಸೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ.

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ: ಕೊಳ್ಳಿ. ಆದರೆ ದಿನಾ ಅನ್ನಕ್ಕೆ ಅಕ್ಕಿ ತೂಗಲಿಕ್ಕೆ ಅಂತ ಕೊಂಡರೆ ಹದಿನೈದು ದಿನದಲ್ಲಿ ಅಟ್ಟ ಸೇರುತ್ತದೆ. ಇದರ ನಿಜವಾದ ಕೆಲಸ ಒಂದೇ ದಿನದ್ದು. ನಿಮ್ಮ ಮನೆಯ ಪಾವು, ನಿಮ್ಮ ಲೋಟ, ನಿಮ್ಮ ಕಪ್‌ನಲ್ಲಿ ಯಾವ ಸಾಮಾನು ಎಷ್ಟು ಗ್ರಾಂ ಕೂರುತ್ತದೆ ಅಂತ ತೂಗಿ, ಆ ಅಂಕಿಯನ್ನು ಆಯಾ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡುವುದು. ಅಷ್ಟು ಮಾಡಿದರೆ ದುಡ್ಡು ವಸೂಲು. ಆಮೇಲೆ ಬೇಕಿಂಗ್‌ಗೆ, ಉಪ್ಪಿನಕಾಯಿಗೆ, ಹಬ್ಬದ ಸಿಹಿಗೆ ಮಾತ್ರ ಹೊರಗೆ ತೆಗೆದರೆ ಸಾಕು.

ಅಂತರ್ಜಾಲದಲ್ಲಿ ಸಿದ್ಧಪಟ್ಟಿಗಳಿವೆಯಲ್ಲ, ಅವು ಸಾಲದೇ ಅಂದರೆ, ಸಾಲದು. ಮೊದಲ ತೊಡಕು ಕಪ್‌ನದ್ದೇ. ಅಮೆರಿಕದ ಕಪ್ 236 ಮಿ.ಲೀ. ಚಿಲ್ಲರೆ, ಅಲ್ಲಿನ ಪೊಟ್ಟಣಗಳ ಮೇಲಿನ ಪೋಷಕಾಂಶದ ಲೆಕ್ಕಕ್ಕೆ 240, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಪುಟ್ಟ ಕಪ್ ಸಾಮಾನ್ಯವಾಗಿ 180. ದೊಡ್ಡ ಚಮಚ ಎಲ್ಲ ಕಡೆ 15 ಮಿ.ಲೀ. ಆದರೆ ಆಸ್ಟ್ರೇಲಿಯಾದಲ್ಲಿ 20. ಮೆಲ್ಬರ್ನ್‌ನಲ್ಲಿರುವ ಮಗಳು ಅಲ್ಲಿ ಕೊಂಡ ಚಮಚದಲ್ಲಿ ಇಲ್ಲಿನ ಅಳತೆ ಹಾಕಿದರೆ ಮೂರು ಚಮಚ ನಾಲ್ಕಾಗುವುದು ಹೀಗೆ.

ಎರಡನೆಯ ತೊಡಕು ಹಿಟ್ಟಿನದ್ದು, ಇದು ಕಪ್‌ನದ್ದಕ್ಕಿಂತ ದೊಡ್ಡದು. ಒಂದು ಕಪ್ ಮೈದಾಕ್ಕೆ ಅಮೆರಿಕದ ಕಿಂಗ್ ಆರ್ಥರ್ ಹಿಟ್ಟಿನ ಕಂಪನಿಯ ಪಟ್ಟಿ 120 ಗ್ರಾಂ ಅನ್ನುತ್ತದೆ, ಅಲ್ಲಿನ ಕೃಷಿ ಇಲಾಖೆಯ ಪಟ್ಟಿ 125 ಅನ್ನುತ್ತದೆ, 140ರ ಮೇಲೆ ಹಿಡಿಯುವ ಅಡುಗೆ ಪುಸ್ತಕಗಳೂ ಇವೆ. ಯಾರೂ ಸುಳ್ಳು ಹೇಳುತ್ತಿಲ್ಲ. ಚಮಚದಲ್ಲಿ ಹಗುರವಾಗಿ ಕಪ್‌ಗೆ ಉದುರಿಸಿ ಚಾಕುವಿನ ಬೆನ್ನಿನಿಂದ ಬಾಯಿಮಟ್ಟ ಮಾಡಿದರೆ 120 ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ, ಅಂಚಿಗೆ ಒತ್ತಿ ಎತ್ತಿದರೆ 145, 150. ಎರಡು ಕಪ್ ಮೈದಾದ ಕೇಕಿಗೆ ಐವತ್ತು ಅರವತ್ತು ಗ್ರಾಂ ಹೆಚ್ಚು ಬಿದ್ದಂತಾಯಿತು, ಅಂದರೆ ಅರ್ಧ ಕಪ್ ಹಿಟ್ಟು ಗೊತ್ತಿಲ್ಲದೆ ಸೇರಿತು. ಕೇಕ್ ಮೇಲೆ ಬಿರುಕು ಬಿಟ್ಟು ಒಳಗೆ ಒಣಗಿದಂತಾದಾಗ ಓವನ್ನನ್ನು ಬೈಯುವವರು ಮೊದಲು ಈ ಅರ್ಧ ಕಪ್ಪನ್ನು ಹುಡುಕಬೇಕು. ಗಿರಣಿಯಿಂದ ಆಗ ತಾನೇ ಬಂದ ಬಿಸಿ ಹಿಟ್ಟು ಉಬ್ಬಿರುತ್ತದೆ, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತದ್ದು ಇಳಿದಿರುತ್ತದೆ. ಪಾವಿಗೆ ಪಾವು ಸಮ, ತೂಕಕ್ಕೆ ತೂಕ ಬೇರೆ. ಅಕ್ಕಿ ರೊಟ್ಟಿಯ ಹಿಟ್ಟಿಗೆ ಒಂದು ದಿನ ನೀರು ಸಾಕಾಗಿ ಇನ್ನೊಂದು ದಿನ ಸಾಲದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಪಾವು, ಸೇರು. ಇಲ್ಲಿ ಗೊಂದಲ ಹೆಸರಿನಲ್ಲೇ ಇದೆ. ತೂಕದ ಸೇರು 80 ತೊಲ, ಅಂದರೆ 933 ಗ್ರಾಂ. ಅದರ ಕಾಲುಭಾಗ ಪಾವು 233 ಗ್ರಾಂ, ಹದಿನಾರನೇ ಒಂದು ಭಾಗ ಚಟಾಕು 58 ಗ್ರಾಂ. ಆದರೆ ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಹಿತ್ತಾಳೆಯ ಪಾವು ತೂಕದ ಪಾವಲ್ಲ, ಅದು ಗಾತ್ರದ ಅಳತೆ, ಊರಿಂದೂರಿಗೆ ಅದರ ಹೊಟ್ಟೆ ಬೇರೆ. 1956ರ ಕಾಯ್ದೆ ಬಂದು ಮೆಟ್ರಿಕ್ ಪದ್ಧತಿ ಜಾರಿಯಾದ ಮೇಲೆ ಅಂಗಡಿಯಿಂದ ಸೇರು ಹೋಯಿತು, ಅಡುಗೆಮನೆಯಿಂದ ಪಾವು ಹೋಗಲಿಲ್ಲ. ಅಜ್ಜಿಯ ಕೈಬರಹದ ಪುಸ್ತಕದಲ್ಲಿ "ಅರ್ಧ ಸೇರು ಸಕ್ಕರೆ" ಅಂತ ಇದ್ದರೆ ಅದು ಅಂಗಡಿಯಿಂದ ತೂಗಿ ತಂದದ್ದೋ ಮನೆಯಲ್ಲಿ ಅಳೆದದ್ದೋ ಅಂತ ಮೊದಲು ಯೋಚಿಸಬೇಕಾಗುತ್ತದೆ. ಅಳತೆಯದ್ದಾದರೆ ಗೋಪುರ ಬರುವಂತೆ ತುಂಬುತ್ತಿದ್ದರೋ ಬಾಯಿಮಟ್ಟವೋ ಎಂಬುದು ಇನ್ನೊಂದು ಪ್ರಶ್ನೆ. ಒಂದೇ ಪಾವಿಗೆ ಗೋಪುರ ಕಟ್ಟಿ ನೋಡಿ, ವ್ಯತ್ಯಾಸ ತಕ್ಕಡಿಯೇ ಹೇಳುತ್ತದೆ.

ಹಾಗಾದರೆ ಮನೆಯ ಪಟ್ಟಿ ಮಾಡುವ ಕ್ರಮ ಇದು. ತಕ್ಕಡಿಯನ್ನು ಗ್ರಾನೈಟ್ ಕಟ್ಟೆಯ ಮೇಲೆ ಇಡಿ. ಖಾಲಿ ಪಾವನ್ನು ಅದರ ಮೇಲಿಟ್ಟು ಟೇರ್ ಗುಂಡಿ ಒತ್ತಿ, ಅಂಕಿ ಸೊನ್ನೆಯಾಗುತ್ತದೆ. ಪಾವಿನ ತುಂಬ ನೀರು ಹಾಕಿ, ತುಳುಕುವ ಅಂಚಿಗೆ ಬರಲಿ. ಎಷ್ಟು ಗ್ರಾಂ ತೋರಿಸಿತೋ ಅಷ್ಟೇ ಮಿ.ಲೀ. ನಿಮ್ಮ ಪಾವಿನ ಗಾತ್ರ. ನಮ್ಮ ಹವೆಯಲ್ಲಿ ಲೀಟರಿಗೆ ನಾಲ್ಕೈದು ಗ್ರಾಂ ಹೆಚ್ಚುಕಮ್ಮಿ, ಅದನ್ನು ಮರೆಯಬಹುದು. ಆಮೇಲೆ ಪಾವನ್ನು ಚೆನ್ನಾಗಿ ಒರೆಸಿ, ಒಳಗೆ ತೇವ ಉಳಿದರೆ ಹಿಟ್ಟು ಅಂಟಿ ಲೆಕ್ಕ ಕೆಡುತ್ತದೆ. ಒಂದೊಂದೇ ಸಾಮಾನು ತೆಗೆದುಕೊಂಡು, ದಿನಾ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ. ಪರೀಕ್ಷೆ ಅಂತ ನಾಜೂಕು ಮಾಡಿದರೆ ಆ ಪಟ್ಟಿ ನಾಳೆ ಕೆಲಸಕ್ಕೆ ಬರುವುದಿಲ್ಲ. ಮೂರು ಸಲ ತುಂಬಿ ತೂಗಿ ಸರಾಸರಿ ತೆಗೆಯಿರಿ. ಅಕ್ಕಿ, ಬೇಳೆ, ಸಕ್ಕರೆಯಲ್ಲಿ ಮೂರೂ ಸಲ ಹತ್ತಿರಹತ್ತಿರ ಬರುತ್ತದೆ. ಕಡಲೆ ಹಿಟ್ಟು, ಮೈದಾ, ಅಕ್ಕಿ ಹಿಟ್ಟಿನಲ್ಲಿ ಹತ್ತು ಹದಿನೈದು ಗ್ರಾಂ ಓಡಾಡುತ್ತದೆ. ಓಡಾಡುವ ಸಾಮಾನುಗಳ ಪಕ್ಕ ಒಂದು ಗುರುತು ಹಾಕಿ. ತಕ್ಕಡಿ ಬೇಕಾಗುವುದು ಅವಕ್ಕೇ.

ನಿಮ್ಮ ಅಂಕಿಗಳು ತೀರ ದಾರಿ ತಪ್ಪಿವೆಯೇ ಎಂದು ನೋಡಲು 240 ಮಿ.ಲೀ. ಕಪ್‌ನ ಅಂದಾಜು: ಹರಳು ಸಕ್ಕರೆ 200 ಗ್ರಾಂ, ಅದೇ ಸಕ್ಕರೆ ಪುಡಿಯಾದರೆ 120. ಅಕ್ಕಿ 185ರಿಂದ 200, ಬೇಳೆಗಳೂ ಅದರ ಸುತ್ತಮುತ್ತ. ಉಪ್ಪಿಟ್ಟಿನ ರವೆ 165ರ ಹತ್ತಿರ. ಜರಡಿ ಹಿಡಿದ ಕಡಲೆ ಹಿಟ್ಟು ಬರೀ 90ರ ಆಸುಪಾಸು. ಅಕ್ಕಿ ಹಿಟ್ಟು 140ರಿಂದ 160. ಹಗುರವಾಗಿ ತುಂಬಿದ ಹಸಿ ತೆಂಗಿನ ತುರಿ 80. ಹಾಲು 245ರಿಂದ 247. ಕರಗಿಸಿದ ತುಪ್ಪ, ಎಣ್ಣೆ 218, 220. ಜೇನುತುಪ್ಪ 340. ಬೆಲ್ಲವನ್ನು ಬೇಕೆಂದೇ ಬಿಟ್ಟಿದೆ: ಅಚ್ಚು ಬೆಲ್ಲದ ಚೂರುಗಳ ಮಧ್ಯೆ ಎಷ್ಟು ಗಾಳಿ ಕೂರುತ್ತದೋ ಅದರ ಮೇಲೆ ಎಲ್ಲ ನಿಂತಿರುವುದರಿಂದ ಬೆಲ್ಲಕ್ಕೆ ಕಪ್ ಲೆಕ್ಕವೇ ಇಲ್ಲ, ನೇರವಾಗಿ ತೂಗುವುದೇ ದಾರಿ. ನಿಂಬೆಹಣ್ಣು ಗಾತ್ರದ ಹುಣಸೆಹಣ್ಣೂ ಹಾಗೆಯೇ. ನಿಮ್ಮ ಸಾರಿಗೆ ಹದವಾಗಿ ಬಂದ ದಿನ ಹಾಕುವ ಮುಂಚೆ ಆ ಉಂಡೆಯನ್ನು ಒಮ್ಮೆ ತೂಗಿಟ್ಟರೆ ಜನ್ಮಕ್ಕೆ ಸಾಕು.

ಎಲ್ಲಕ್ಕಿಂತ ಹೆಚ್ಚು ಅಡುಗೆ ಕೆಡುವುದು ಕಪ್ ಲೆಕ್ಕದ ಪಾಲನ್ನು ತೂಕದ ಪಾಲು ಅಂದುಕೊಂಡಾಗ. ಮೈಸೂರು ಪಾಕನ್ನೇ ತೆಗೆದುಕೊಳ್ಳಿ. "ಒಂದಕ್ಕೆರಡು ಸಕ್ಕರೆ, ಎರಡು ತುಪ್ಪ" ಅನ್ನುವ ಮಾತು ಮನೆಗಳಲ್ಲಿ ಬಾಯಿಪಾಠ. ಅದು ಲೋಟದ ಲೆಕ್ಕ. ಒಂದು ಕಪ್ ಕಡಲೆ ಹಿಟ್ಟು 92 ಗ್ರಾಂ ಅಂತಿಟ್ಟುಕೊಂಡರೆ ಎರಡು ಕಪ್ ಸಕ್ಕರೆ 400 ಗ್ರಾಂ, ಎರಡು ಕಪ್ ತುಪ್ಪ 436 ಗ್ರಾಂ. ತೂಕದಲ್ಲಿ ನೋಡಿದರೆ ಒಂದು ಪಾಲು ಹಿಟ್ಟಿಗೆ ಸಕ್ಕರೆ ನಾಲ್ಕು ಪಾಲಿನ ಮೇಲೆ, ತುಪ್ಪ ಐದು ಪಾಲಿಗೆ ಹತ್ತಿರ. ಹೊಸ ತಕ್ಕಡಿ ಬಂದ ಖುಷಿಯಲ್ಲಿ ಯಾರೋ 100 ಗ್ರಾಂ ಹಿಟ್ಟು, 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ ತೂಗಿದರು ಅನ್ನಿ. ಹಿಟ್ಟಿಗೆ ಬೇಕಾದ ಅರ್ಧ ತುಪ್ಪವೂ ಬೀಳಲಿಲ್ಲ. ಬಾಣಲೆಯಲ್ಲಿ ಗೂಡು ಗೂಡಾಗಿ ನೊರೆ ಏಳುವುದೇ ಇಲ್ಲ. ಹಿಟ್ಟು ಸೌಟಿಗೆ ಮುದ್ದೆಯಾಗಿ ಸುತ್ತಿಕೊಳ್ಳುತ್ತದೆ, ತಟ್ಟೆಗೆ ಸುರಿದರೆ ಇಟ್ಟಿಗೆ. ಸರಿಯಾಗಿ ತೂಗಬೇಕೆಂದರೆ 100 ಗ್ರಾಂ ಹಿಟ್ಟಿಗೆ 430 ಗ್ರಾಂ ಸಕ್ಕರೆ, 470 ಗ್ರಾಂ ತುಪ್ಪ ಬೇಕು.

ಉಪ್ಪಿಟ್ಟಿನದ್ದೂ ಇದೇ ಕತೆ, ನಷ್ಟ ಕಮ್ಮಿ ಅಷ್ಟೇ. ಒಂದು ಕಪ್ ರವೆಗೆ ಎರಡೂವರೆ ಕಪ್ ನೀರು ಅಂದರೆ 165 ಗ್ರಾಂ ರವೆಗೆ 600 ಗ್ರಾಂ ನೀರು. ತೂಕದ ಪಾಲು ಒಂದಕ್ಕೆ ಮೂರೂವರೆ ದಾಟುತ್ತದೆ. ಒಂದಕ್ಕೆ ಎರಡೂವರೆಯನ್ನೇ ತೂಕದಲ್ಲಿ ಹಿಡಿದರೆ ನೀರು 410 ಗ್ರಾಂ ಮಾತ್ರ, ರವೆ ಬೇಯದೆ ಉದುರುದುರಾಗಿ ಗಂಟಲಲ್ಲಿ ಸಿಕ್ಕುತ್ತದೆ.

ಇಡ್ಲಿಗೆ ಮಾತ್ರ ಈ ತಲೆನೋವಿಲ್ಲ. ಅಕ್ಕಿ ಮತ್ತು ಉದ್ದಿನಬೇಳೆ ಕಪ್‌ನಲ್ಲಿ ಕೂರುವ ತೂಕ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಮೂರಕ್ಕೊಂದು ಅನ್ನುವುದು ಪಾವಿನಲ್ಲೂ ಅದೇ, ಗ್ರಾಂನಲ್ಲೂ ಅದೇ. ನೂರಾರು ವರ್ಷ ತಕ್ಕಡಿ ಇಲ್ಲದೆ ಇಡ್ಲಿ ಉಬ್ಬಿದ್ದು ಈ ಪುಣ್ಯದಿಂದಲೂ ಇರಬಹುದು. ಎರಡು ಎಚ್ಚರ ಬೇಕು. ಅಕ್ಕಿಯ ಬದಲು ಇಡ್ಲಿ ರವೆ ಹಾಕಿದಾಗ ಅದು ಕಪ್‌ಗೆ ಅಕ್ಕಿಯಷ್ಟು ತೂಗುವುದಿಲ್ಲ, ಪಾಲು ಬದಲಾಗುತ್ತದೆ. ಮತ್ತೆ, ಅಳೆಯುವುದಾದರೂ ತೂಗುವುದಾದರೂ ನೆನೆಹಾಕುವ ಮುಂಚೆಯೇ. ನೆನೆದ ಉದ್ದು ತೂಕದಲ್ಲಿ ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ಅಕ್ಕಿ ಕಾಲುಭಾಗದಷ್ಟು ಏರಿ ನಿಲ್ಲುತ್ತದೆ.

ಉಪ್ಪಿನಕಾಯಿಯಲ್ಲಿ ಕಪ್ ಲೆಕ್ಕ ನಿಜವಾಗಿಯೂ ಅಪಾಯ. ಒಂದು ಕಪ್ ಪುಡಿ ಉಪ್ಪು 290 ಗ್ರಾಂ ಹತ್ತಿರ ತೂಗುತ್ತದೆ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುವುದರಿಂದ ಅದೇ ಕಪ್ ಕಲ್ಲುಪ್ಪು ಅದಕ್ಕಿಂತ ಸಾಕಷ್ಟು ಹಗುರ. ಹರಳು ದೊಡ್ಡದಾದಷ್ಟೂ ಹಗುರ. ಪುಡಿ ಉಪ್ಪಿನ ಅಳತೆ ಬರೆದ ಕಡೆ ಅಷ್ಟೇ ಕಪ್ ಕಲ್ಲುಪ್ಪು ಹಾಕಿದರೆ ಉಪ್ಪು ಕಮ್ಮಿಯಾಗಿ ಮಳೆಗಾಲದಲ್ಲಿ ಜಾಡಿಯ ಮೇಲೆ ಬಿಳಿ ಬೂಸಲು ಕಟ್ಟುತ್ತದೆ. ತಲೆಕೆಳಗು ಮಾಡಿದರೆ ಬಾಯಿಗಿಡಲಾಗದಷ್ಟು ಉಪ್ಪು. ಗ್ರಾಂನಲ್ಲಿ ಹಾಕಿದರೆ ಯಾವ ಉಪ್ಪಾದರೂ ಒಂದೇ.

ಈಗ ತಕ್ಕಡಿಯ ದೋಷಗಳಿಗೆ ಬರೋಣ. ಎಲ್ಲಕ್ಕಿಂತ ದೊಡ್ಡ ಮೋಸ ಯೂನಿಟ್ ಗುಂಡಿಯಲ್ಲಿ ಅಡಗಿದೆ. ಒತ್ತುತ್ತಾ ಹೋದರೆ ಗ್ರಾಂ, ಔನ್ಸ್, ಪೌಂಡ್ ಆದಮೇಲೆ ಮಿ.ಲೀ. ಬರುತ್ತದೆ. ತಕ್ಕಡಿಗೆ ಗಾತ್ರ ಅಳೆಯುವ ಯಾವ ಅಂಗವೂ ಇಲ್ಲ. ಮೇಲಿರುವುದು ನೀರು ಅಂತ ಊಹಿಸಿಕೊಂಡು ಗ್ರಾಂ ಅಂಕಿಯನ್ನೇ ಮಿ.ಲೀ. ಎಂದು ಹೆಸರು ಬದಲಿಸಿ ತೋರಿಸುತ್ತದೆ, ಅಷ್ಟೇ. ಕೆಲವದರಲ್ಲಿ ಹಾಲಿಗೆ ಬೇರೆ ಗುರುತಿರುತ್ತದೆ. ಎಣ್ಣೆ ಹಾಕಿ 100 ಮಿ.ಲೀ. ತೋರಿದಾಗ ನಿಜಕ್ಕೂ 109, 110 ಮಿ.ಲೀ. ಬಿದ್ದಿರುತ್ತದೆ. ಜೇನುತುಪ್ಪವಾದರೆ 70 ಮಾತ್ರ. ಮೈದಾ ಹಾಕಿ 240 ಮಿ.ಲೀ. ತೋರುವವರೆಗೆ ಸುರಿದರೆ ಎರಡು ಕಪ್ ಹಿಟ್ಟು ಬಿದ್ದಿರುತ್ತದೆ. ಆ ಗುಂಡಿ ತಪ್ಪಿ ಒತ್ತಿಹೋಗದಂತೆ ಮೇಲೊಂದು ಟೇಪು ಅಂಟಿಸಿದರೂ ನಷ್ಟವಿಲ್ಲ.

ಎರಡನೆಯದು, ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ತಕ್ಕಡಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳಗಿನ ಸಂವೇದಕಗಳು ಶಾಖಕ್ಕೆ ನಿಧಾನವಾಗಿ ಸರಿಯುವುದರಿಂದ, ಸೊನ್ನೆಯ ಹತ್ತಿರದ ಸಣ್ಣಪುಟ್ಟ ನಿಧಾನದ ಬದಲಾವಣೆಯನ್ನು ಮತ್ತೆ ಸೊನ್ನೆಗೆ ಎಳೆಯುವ ವ್ಯವಸ್ಥೆ ಇದರಲ್ಲಿದೆ. ಟೇರ್ ಒತ್ತಿ ಉಪ್ಪನ್ನು ಸ್ವಲ್ಪಸ್ವಲ್ಪವೇ ಹಾಕಿದರೆ ನಾಲ್ಕು ಗ್ರಾಂ ಬಿದ್ದರೂ ಸೊನ್ನೆಯೇ ಕೂತಿರಬಹುದು. ಉಪಾಯ ಸುಲಭ: ಉಪ್ಪಿನ ಡಬ್ಬಿಯನ್ನೇ ತಕ್ಕಡಿಯ ಮೇಲಿಟ್ಟು ಟೇರ್ ಮಾಡಿ, ಡಬ್ಬಿಯಿಂದ ಚಮಚದಲ್ಲಿ ಒಮ್ಮೆಗೇ ತೆಗೆಯಿರಿ. ಎಷ್ಟು ತೆಗೆದಿರೋ ಅಷ್ಟು ಮೈನಸ್‌ನಲ್ಲಿ ಕಾಣುತ್ತದೆ. ಜೇನುತುಪ್ಪ, ಬೆಣ್ಣೆ, ಗಟ್ಟಿ ತುಪ್ಪಕ್ಕೂ ಇದೇ ಕ್ರಮ ಒಳ್ಳೆಯದು, ಕಪ್‌ಗೆ ಮೆತ್ತಿಕೊಂಡು ಕಾಲುಭಾಗ ಅಲ್ಲೇ ಉಳಿಯುವುದು ತಪ್ಪುತ್ತದೆ.

ಆದರೂ ಹತ್ತು ಗ್ರಾಂ ಒಳಗಿನ ಸಾಮಾನಿಗೆ ಈ ತಕ್ಕಡಿ ಸಲ್ಲದು. ಒಂದು ಸಣ್ಣ ಚಮಚ ಅಡುಗೆ ಸೋಡಾ ನಾಲ್ಕೂವರೆ ಗ್ರಾಂ ಚಿಲ್ಲರೆ, ಒಣ ಯೀಸ್ಟ್ ಮೂರು ಗ್ರಾಂ. 1 ಗ್ರಾಂ ಲೆಕ್ಕದ ತಕ್ಕಡಿ ನಾಲ್ಕೂವರೆಯನ್ನು ನಾಲ್ಕು ಅಂದರೂ ತಪ್ಪಿಲ್ಲ, ಐದು ಅಂದರೂ ತಪ್ಪಿಲ್ಲ. ನಿಮ್ಮ ಕೇಕಿಗೆ ಮಾತ್ರ ಅದು ದೊಡ್ಡ ವ್ಯತ್ಯಾಸ. ಇವಕ್ಕೆ 5 ಮಿ.ಲೀ. ಚಮಚವನ್ನೇ ಬಾಯಿಮಟ್ಟ ಮಾಡಿ ಬಳಸಿ. ಮನೆಯಿಂದ ಬ್ರೆಡ್ಡು, ಕೇಕು ಮಾಡಿ ಮಾರುವವರು 0.01 ಗ್ರಾಂ ತೋರಿಸುವ ಪುಟ್ಟ ಜೇಬು ತಕ್ಕಡಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು. ಒಂದು ಮಾತು ಅವರಿಗೇ: ತೂಕದ ಲೆಕ್ಕದಲ್ಲಿ ಗಿರಾಕಿಗೆ ತೂಗಿ ಕೊಡಲು ಈ ಅಡುಗೆ ತಕ್ಕಡಿ ನಡೆಯುವುದಿಲ್ಲ, ವ್ಯಾಪಾರಕ್ಕೆ ಕಾನೂನು ಮಾಪನ ಇಲಾಖೆ ಪರಿಶೀಲಿಸಿ ಮುದ್ರೆ ಹಾಕಿದ ತಕ್ಕಡಿಯೇ ಬೇಕು.

ಸಣ್ಣ ಕಿರಿಕಿರಿಗಳು ಇನ್ನಷ್ಟಿವೆ. ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆರಿಹೋಗುತ್ತದೆ, ಟೇರ್ ಮಾಡಿದ್ದೂ ಮರೆತುಹೋಗುತ್ತದೆ. ದಿನಾ ಬಳಸುವ ಬೋಗುಣಿಯ ಖಾಲಿ ತೂಕವನ್ನು ಅದರ ತಳದಲ್ಲಿ ಮಾರ್ಕರ್‌ನಿಂದ ಬರೆದಿಟ್ಟರೆ ಆರಿದರೂ ಚಿಂತೆಯಿಲ್ಲ. ಅಗಲದ ಪಾತ್ರೆ ಇಟ್ಟರೆ ಅಂಕಿ ಕಾಣದಂತೆ ಮುಚ್ಚಿಹೋಗುತ್ತದೆ. ಕೆಳಗೊಂದು ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ಪಾತ್ರೆ ಇಡಿ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ, ಪ್ಲಾಸ್ಟಿಕ್ ಕೆಡುವುದಕ್ಕೆ ಮೊದಲೇ ಅಂಕಿ ಸರಿಯತೊಡಗುತ್ತದೆ. ನಾಲ್ಕು ಕಾಲಿನಲ್ಲೂ ಭಾರ ಹೊರುವ ಜಾತಿಯದ್ದಾದರೆ ಮೇಜಿನ ಮೇಲಿನ ಮೆತ್ತನೆ ಹಾಸು ಒಂದು ಕಾಲನ್ನು ನುಂಗಿಬಿಡುತ್ತದೆ, ತೂಕ ಕಮ್ಮಿ ತೋರುತ್ತದೆ. ತಲೆಯ ಮೇಲೆ ಫ್ಯಾನ್ ಜೋರಾಗಿದ್ದರೆ ಅಗಲ ತಟ್ಟೆಯಲ್ಲಿ ಒಂದೆರಡು ಗ್ರಾಂ ಕುಣಿಯುತ್ತದೆ. ಕರಾವಳಿಯ, ಮಲೆನಾಡಿನ ತೇವಕ್ಕೆ ಸೆಲ್ ಕೂರುವ ತಗಡು ಹಸಿರುಗಟ್ಟುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ತೊಳೆಯುವ ಮಾತೇ ಬೇಡ, ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಉಚಿತ ಕಪ್ ಸೆಟ್ಟಿನ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಚಮಚಗಳು ಪರವಾಗಿಲ್ಲ. ಕಪ್‌ಗಳ ಮೇಲೆ ಬರೆದ ಅಂಕಿಯನ್ನು ನಂಬದೆ ನೀರು ತುಂಬಿ ತೂಗಿ. 240 ಅಂತ ಇದ್ದದ್ದು 225 ತೋರಿದರೆ ಆಶ್ಚರ್ಯಪಡಬೇಡಿ. ಕಾಲು ಕಪ್ಪನ್ನು ನಾಲ್ಕು ಸಲ ಸುರಿದರೆ ಒಂದು ಕಪ್ ಸರಿಯಾಗಿ ತುಂಬುತ್ತದೆಯೇ ಎಂದೂ ನೋಡಿ. ತುಂಬದಿದ್ದರೆ ಆ ಸೆಟ್ಟು ಅಕ್ಕಿ ಡಬ್ಬಿಯಲ್ಲಿ ಸೌಟಿನ ಕೆಲಸಕ್ಕೆ ಸರಿ.

ಗಾತ್ರಕ್ಕೂ ತೂಕಕ್ಕೂ ಇರುವ ವ್ಯತ್ಯಾಸ ಕಣ್ಣೆದುರೇ ಕಾಣಬೇಕಿದ್ದರೆ ಎಣ್ಣೆ ಪ್ಯಾಕೆಟ್ ತಿರುಗಿಸಿ ನೋಡಿ. ಒಂದು ಲೀಟರ್ ಅಂತ ಇರುವ ಕಡೆ ಪಕ್ಕದಲ್ಲೇ 910 ಗ್ರಾಂ ಎಂದಿರುತ್ತದೆ. ಎಣ್ಣೆ ಬಿಸಿಯಾದಷ್ಟೂ ಹಿಗ್ಗುವುದರಿಂದ ಹೆಚ್ಚು ಉಷ್ಣಾಂಶದ ಲೆಕ್ಕ ಹಾಕಿ ಲೀಟರ್ ತುಂಬಿದರೆ ಗ್ರಾಂ ಕಮ್ಮಿಯಾಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವು ತಯಾರಕರು 60 ಡಿಗ್ರಿಯ ಲೆಕ್ಕವನ್ನೇ ಹಾಕುತ್ತಿದ್ದರೆಂದು 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶ ಬರೆಯದೆ ಪ್ರಮಾಣವನ್ನು ತೂಕದ ಸಮೇತ ನಮೂದಿಸಿ ಎಂದು ಸೂಚಿಸಬೇಕಾಯಿತು. ಎಣ್ಣೆ ಕೊಳ್ಳುವಾಗ ಗ್ರಾಂ ಅಂಕಿ ನೋಡಿಯೇ ಬೆಲೆ ಹೋಲಿಸಿ. ಐಸ್‌ಕ್ರೀಮ್ ಡಬ್ಬಿಯ ಮೇಲಿನ ಲೀಟರ್ ಲೆಕ್ಕ ಇದಕ್ಕಿಂತ ತಮಾಷೆ: ಅದರೊಳಗಿನ ಗಾಳಿಯೂ ಲೆಕ್ಕಕ್ಕೆ ಬರುವುದರಿಂದ ಲೀಟರಿಗೆ ಕನಿಷ್ಠ 525 ಗ್ರಾಂ ಇದ್ದರೆ ನಿಯಮಕ್ಕೆ ಸಾಕು.

ತಕ್ಕಡಿ ಮನೆಗೆ ಬಂದ ದಿನವೇ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ ಪರೀಕ್ಷೆ ಮಾಡಿ. ನಡುವೆ ಒಂದು, ಅಂಚಿಗೆ ಇನ್ನೊಂದು ಲೋಹವಿರುವ ಹತ್ತು ರೂಪಾಯಿಯ ಒಂದು ನಾಣ್ಯ 7.7 ಗ್ರಾಂ ತೂಗುತ್ತದೆ. ಹತ್ತು ನಾಣ್ಯ ಒಟ್ಟಿಗೆ ಇಟ್ಟರೆ 77 ಬರಬೇಕು, 76 ಅಥವಾ 78 ಬಂದರೂ ಒಪ್ಪಬಹುದು. ನಾಣ್ಯಗಳ ರಾಶಿಯನ್ನು ನಡುವಿನಿಂದ ನಾಲ್ಕು ಮೂಲೆಗೂ ಸರಿಸಿ ನೋಡಿ. ಆಮೇಲೆ ಒಡೆಯದ ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ ಇಡಿ, ಕವರಿನ ಐದಾರು ಗ್ರಾಂ ಸೇರಿ ಸಾವಿರದ ಸ್ವಲ್ಪ ಮೇಲೆ ಬರಬೇಕು. ಪ್ಯಾಕೆಟ್ ಅಲ್ಲೇ ಇರಲಿ, ಟೇರ್ ಒತ್ತಿ, ಅದರ ಮೇಲೆ ಅದೇ ಹತ್ತು ನಾಣ್ಯ ಇಡಿ. ಈಗಲೂ 77ರ ಆಸುಪಾಸೇ ತೋರಿಸಿದರೆ ಇಟ್ಟುಕೊಳ್ಳಿ. 70, 85 ಅಂತ ಅಲೆದರೆ ಡಬ್ಬಿಗೆ ಮತ್ತೆ ಹಾಕಿ ವಾಪಸ್ ಕಳಿಸಿ.